ಫ್ಲರ್ಟ್ ಎಂದರೆ ಎಂತ, ಮಾಷ್ಟ್ರೇ?

ಮೊನ್ನೆ ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ರೈಲಿನಲ್ಲಿ, ಎದುರಿನ ಸಾಲಿನ ನಡುವೆ ಕುಳಿತಿದ್ದ ಕಾಲೇಜು ಹುಡುಗಿಯೊಬ್ಬಳು ಪಕ್ಕದ ಹುಡುಗನನ್ನು ತೋರಿಸಿ ಗೆಳತಿಗೆ ಹೇಳಿದಳು: “ಎಂತದೂ ಇಲ್ಲ ಮಾರಾಯ್ತಿ, ಇವ ಸುಮ್ಮನೆ ಫ್ಲರ್ಟ್ ಮಾಡುವುದು.” ಹುಡುಗ ನಕ್ಕ, ಆದರೆ ಅಷ್ಟು ಚೆನ್ನಾಗಿ ನಗಲಿಲ್ಲ. ಅಧ್ಯಾಪನ ಬಿಟ್ಟು ವರ್ಷಗಳಾದರೂ, ಶಬ್ದವೊಂದು ಸಡಿಲವಾಗಿ ಓಡಾಡುವುದನ್ನು ಕಂಡರೆ ನನ್ನ ಕೈ ಇನ್ನೂ ಕೆಂಪು ಶಾಯಿಯ ಪೆನ್ನನ್ನು ಹುಡುಕುತ್ತದೆ.

ತೊಂಬತ್ತರ ದಶಕದ ಆರಂಭದ ಉಪ್ಪಳಕ್ಕೆ ನೀವೂ ನನ್ನೊಡನೆ ಬನ್ನಿ. ಪೇಟೆಯಲ್ಲಿ ಬೆನ್ನಿ ಎಂಬ ತರುಣನ ರೇಡಿಯೋ ರಿಪೇರಿ ಅಂಗಡಿ. ಶಾಲೆ ಬಿಟ್ಟ ಮೇಲೆ ನಾನೂ ನನ್ನ ಸಹೋದ್ಯೋಗಿ ಲಿಲ್ಲಿ ಟೀಚರೂ ಬಸ್ಸಿಗೆ ಕಾಯುತ್ತಿದ್ದುದು ಅದರ ಜಗಲಿಯಲ್ಲಿ. ಬೆನ್ನಿ ಕೆಣಕುವನು, ಟೀಚರ್ ತಿರುಗಿ ಚುಚ್ಚುವರು, ಬಸ್ಸುಗಳು ಹೋಗುತ್ತಲೇ ಇರುವವು. ಇಂಗ್ಲಿಷ್ ಪಾಠ ಹೇಳುವ ನಾನು ನಡುವೆ ಕುಳಿತು ವರ್ಗೀಕರಿಸುತ್ತಿದ್ದೆ. ಮನಸ್ಸು ಕೊಡದೆ ಒಲವಿನ ಆಟವಾಡುವುದು ಫ್ಲರ್ಟ್. ಆಟದಲ್ಲೇ ಹೊತ್ತು ಕಳೆದು ನಿರ್ಧಾರವನ್ನು ಮುಂದೂಡುವುದು ಡ್ಯಾಲಿ. ಒಲವಿನ ಗಂಧವಿಲ್ಲದೆ ಬರಿದೇ ತಡಮಾಡುವುದು ಡಾಡಲ್. ಹೆಣ್ಣಿನಿಂದ ಹೆಣ್ಣಿಗೆ ಹಾರುವ ಗಂಡಸಿನ ಕಸುಬು ಫಿಲ್ಯಾಂಡರ್.

“ಇದರಲ್ಲಿ ನಾನು ಯಾವುದು ಮಾಷ್ಟ್ರೇ?” ಎಂದು ಬೆನ್ನಿ ಕೇಳಿದ.

“ಸದ್ಯಕ್ಕೆ ಮೊದಲನೆಯದು.”

“ಮತ್ತೆ ನೀವು? ನಿಮ್ಮ ಬಸ್ಸು ಹೋಗಿ ಎಷ್ಟು ಹೊತ್ತಾಯ್ತು! ನೀವು ಡಾಡಲ್!” ಎಂದರು ಲಿಲ್ಲಿ ಟೀಚರ್.

ಆ ಮೊದಲನೆಯ ಶಬ್ದಕ್ಕೆ ಕಾಲು ಮೂಡಿತು. ಇಗರ್ಜಿಯ, ಎಂದರೆ ಅವರ ಚರ್ಚಿನ, ಅಂಗಳದಲ್ಲಿ ಯಾರೋ ಅದನ್ನು ಟೀಚರ ತಂದೆ ಪಾಸ್ಕಲರ ಕಿವಿಗೆ ಹಾಕಿದರು. ಅವರು ನನ್ನನ್ನು ತರಕಾರಿ ಅಂಗಡಿಯ ಮುಂದೆ ಹಿಡಿದು ನಿಲ್ಲಿಸಿದರು.

“ಫ್ಲರ್ಟ್ ಎಂದರೆ ಎಂತ, ಮಾಷ್ಟ್ರೇ? ದುಬೈಯ ಒಂದು ಸಂಬಂಧ ಬಂದುಂಟು. ಭಾನುವಾರ ನಾನು ಮಾತು ಕೊಡಬೇಕು. ಬೆನ್ನಿಗೆ ಮನಸ್ಸಿದ್ದರೆ ಅಷ್ಟರೊಳಗೆ ರಾಯಬಾರಿ ಬರಬೇಕಲ್ಲ?”

ಅವರ ಕ್ರೈಸ್ತ ಸಮುದಾಯದಲ್ಲಿ ಹುಡುಗ ತಾನೇ ಬಂದು ಹೆಣ್ಣು ಕೇಳುವಂತಿರಲಿಲ್ಲ. ಅವನ ಪರವಾಗಿ ಗೌರವಸ್ಥನೊಬ್ಬ, ಭಾನುವಾರ ಪೂಜೆ ಮುಗಿದ ಮೇಲೆ, ಕಂಕುಳಲ್ಲಿ ಕೊಡೆಯಿಟ್ಟುಕೊಂಡು ಬರಬೇಕು. ನಾನು “ಅದು ಒಂದು ಬಗೆಯ ಆಟ” ಎಂದಷ್ಟೇ ಹೇಳಿದೆ. ಅವರ ಮುಖ ಸಣ್ಣದಾಯಿತು.

ಅಪೂರ್ಣ ಉತ್ತರವನ್ನು ನಾನು ವಿದ್ಯಾರ್ಥಿಗಳಲ್ಲಿಯೂ ಸಹಿಸಿದವನಲ್ಲ. ಅರ್ಥವನ್ನು ಉದಾಹರಣೆ ಸಹಿತ ಪೂರ್ತಿಗೊಳಿಸಲೆಂದು ಭಾನುವಾರ ಬೆಳಿಗ್ಗೆ ಶಿರಿಯದ ಅವರ ಮನೆಗೆ ಹೋದೆ. ಮೋಡವಿದ್ದುದರಿಂದ ಕೊಡೆ ಕಂಕುಳಲ್ಲಿತ್ತು. ಮೆಟ್ಟಿಲು ಹತ್ತುವಷ್ಟರಲ್ಲಿ ಕುರ್ಚಿ ಬಂತು, ಬಿಸ್ಕತ್ತು ಬಂತು. ನನ್ನನ್ನು ರಾಯಬಾರಿಯೆಂದೇ ತಿಳಿದಿದ್ದರು.

“ಬೆನ್ನಿಗೆ ನಮ್ಮವರು ಯಾರೂ ಸಿಕ್ಕಲಿಲ್ಲವಾ, ಭಟ್ಟ ಮಾಷ್ಟ್ರನ್ನು ಕಳಿಸಿದ್ದು?” ಎಂದು ಟೀಚರ ತಾಯಿ ನಕ್ಕರು. “ಇರಲಿ, ಇವರು ಸುಳ್ಳು ಹೇಳುವವರಲ್ಲ.”

ತಿದ್ದಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಚಾ ತಂದ ಲಿಲ್ಲಿ ಟೀಚರ್ ಮೆಲ್ಲಗೆ, “ಅರ್ಥ ಮತ್ತೆ ಹೇಳುವಿರಂತೆ ಮಾಷ್ಟ್ರೇ. ಈಗ ಚಾ ಕುಡಿಯಿರಿ” ಎಂದರು. ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

ಕುಡಿದೆ. ಅಲ್ಲಿಂದ ನೇರ ಬೆನ್ನಿಯ ಮನೆಗೆ ಹೋದೆ.

“ನಿನ್ನ ರಾಯಬಾರಿಯಾಗಿ ಬಿಸ್ಕತ್ತು ತಿಂದು ಬಂದಿದ್ದೇನೆ. ಹೌದೋ ಅಲ್ಲವೋ ಈಗಲೇ ಹೇಳು. ಅಲ್ಲವಾದರೆ ತಿರುಗಿ ಹೋಗಿ ಹೇಳಬೇಕು.”

ಎಲ್ಲದಕ್ಕೂ ತಮಾಷೆಯ ಉತ್ತರ ಇಟ್ಟುಕೊಂಡಿದ್ದ ಬೆನ್ನಿ ಎದ್ದ, ಮತ್ತೆ ಕುಳಿತ. “ಅವಳು ಎಂತ ಹೇಳಿದಳು ಮಾಷ್ಟ್ರೇ?”

“ಚಾ ಕುಡಿಯಲು ಹೇಳಿದರು.”

ಅವನು ಎದ್ದು ಒಳಗೆ ಅಮ್ಮನನ್ನು ಕರೆದ. ಆ ಮುಖಕ್ಕೆ ನನ್ನ ವರ್ಗೀಕರಣದಲ್ಲಿ ಜಾಗವಿರಲಿಲ್ಲ. ಮುಂದೆ ಇಗರ್ಜಿಯಲ್ಲಿ, ಮದುವೆಗೆ ಮೊದಲಿನ ಪದ್ಧತಿಯಂತೆ, ಮೂರು ಭಾನುವಾರ ಅವರಿಬ್ಬರ ಹೆಸರು ಓದಿದರು. ಯಾರೂ ಆಕ್ಷೇಪಿಸಲಿಲ್ಲ.

ಮೊನ್ನೆಯ ಆ ರೈಲು ಉಪ್ಪಳದಲ್ಲಿ ನಿಂತಿತು. ಹುಡುಗ ಇಳಿದ. ಇಳಿದವನು ಹೋಗದೆ, ನನ್ನ ಕಿಟಕಿಯ ಹೊರಗೆ ಬ್ಯಾಗಿನ ಪಟ್ಟಿ ತಿರುಚುತ್ತ ನಿಂತ. ಕಿಟಕಿಯತ್ತ ಕತ್ತು ಚಾಚಿದ್ದ ಹುಡುಗಿಗೆ ಗೆಳತಿಯ ಮಾತು ಕೇಳಿಸುತ್ತಿರಲಿಲ್ಲ. ತಿದ್ದುಪಡಿ ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು.

“ನೀನು ಇಲ್ಲಿ ಕೂತ್ಕೋ ಮಗಳೇ” ಎಂದು ಕಿಟಕಿಯ ಜಾಗ ಬಿಟ್ಟು ಎದ್ದೆ.