ಸೊಲ್ಲು ಹಿಡಿಯದ ಮಗಳು

ಕುಮಟಾ ಪೇಟೆಯಿಂದ ರೈಲುಹಳಿ ದಾಟಿದರೆ ಸಿಗುವ, ಹಾಲಕ್ಕಿ ಗೌಡರೆಂಬ ಬುಡಕಟ್ಟಿನವರ ಕೊಪ್ಪದಲ್ಲಿ ಎಂಎಸ್ಸಿ ಓದಿದ ಮೊದಲ ಹೆಣ್ಣು ರೂಪಾ. ಓದಿಸಿದವಳು ತಾಯಿ ಹಮ್ಮ. ಗಂಡ ತೀರಿಕೊಂಡ ಮೇಲೆ ತುಂಡು ಗದ್ದೆಯಲ್ಲಿ ಹರಿವೆ, ಬದನೆ, ಈರುಳ್ಳಿ ಬೆಳೆದು, ಹೆದ್ದಾರಿ ಬದಿಯಲ್ಲಿ ಕೂತು ಮಾರಿ, ಮಗಳನ್ನು ಹೊನ್ನಾವರದ ಕಾಲೇಜಿಗೆ, ಅಲ್ಲಿಂದ ಧಾರವಾಡಕ್ಕೆ ಕಳಿಸಿದಳು. "ಹೆಣ್ಣಿಗೆ ಇಷ್ಟೆಲ್ಲ ಎಂತಕ್ಕೆ?" ಎಂದು ಕೇಳಿದವರ ಎದುರಿಗೆ ಬಾಯಲ್ಲಿದ್ದ ಎಲೆಅಡಿಕೆಯನ್ನು ಸ್ವಲ್ಪ ಜೋರಾಗಿ ಉಗುಳುತ್ತಿದ್ದಳು, ಅಷ್ಟೆ.

ಓದಿ ಬಂದ ರೂಪಾಳಿಗೆ ಪೇಟೆಯ ಒಂದು ಖಾಸಗಿ ಕಾಲೇಜಿನಲ್ಲಿ ಜೀವಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿಯ ಕೆಲಸ ಸಿಕ್ಕಿತು. ತಾತ್ಕಾಲಿಕ ಎಂಬುದಕ್ಕೆ ನಮ್ಮ ಕಾಲೇಜುಗಳಲ್ಲಿ ಗಟ್ಟಿ ಆಯುಸ್ಸು. ಅವಳ ತಲೆಯಲ್ಲಿ ಮೊದಲ ಬಿಳಿಕೂದಲು ಕಂಡರೂ ಅದು ಸಾಯಲಿಲ್ಲ.

ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದಳು. ಜೀವವಿಕಾಸದ ಅಧ್ಯಾಯ ಬಂದಾಗ ಬೋರ್ಡಿನ ಮೇಲೆ ನೆಲಕ್ಕೆ ಹರಡಿಕೊಂಡ ಗೇರುಮರದ ಚಿತ್ರ ಬರೆಯುವಳು. "ಇದು ಏಣಿಯಲ್ಲ, ಮರ. ಈಗ ಬದುಕಿರುವ ಯಾವ ಜೀವಿಯೂ ಇನ್ನೊಂದರ ಹಿಂದಿನ ಮೆಟ್ಟಿಲಲ್ಲ. ಉಳಿಯುವುದು ಬಲಿಷ್ಠನಲ್ಲ, ಆ ಜಾಗಕ್ಕೆ ಹೊಂದಿಕೊಂಡವನು" ಎಂದು ಒತ್ತಿ ಹೇಳುವಳು. ಮಕ್ಕಳು ಬರೆದುಕೊಂಡು, ಪರೀಕ್ಷೆ ಬರೆದು, ಮರೆಯುತ್ತಿದ್ದರು.

ಕಾಲೇಜಿನ ಕಾರ್ಯದರ್ಶಿ ಕಮಲಾಕರ ಹೆಗಡೆಯವರು ಕತಗಾಲ ಕಡೆಯ ತೋಟದ ಮನೆಯವರು, ಜೊತೆಗೆ ಒಂದು ಪಕ್ಷದ ಮುಖಂಡರು. ಡಾರ್ವಿನ್ನನನ್ನು ಅವರು ಓದಿರಲಿಲ್ಲ. ಆದರೆ ಮೊಬೈಲಿಗೆ ಬಂದದ್ದನ್ನು ಓದದೆ ಬಿಟ್ಟವರಲ್ಲ. "ಪ್ರಕೃತಿಯಲ್ಲಿ ಮೀಸಲಾತಿ ಇಲ್ಲ, ಬಲ ಇದ್ದವ ಉಳೀತ, ಇಲ್ಲದವ ಅಳೀತ" ಎಂಬುದು ಅವರ ಎಲ್ಲಾ ಭಾಷಣಗಳ ಒಗ್ಗರಣೆ. ಅಪ್ಪನ ತೋಟ, ಮಾವನ ಶಿಫಾರಸು, ಅಣ್ಣನ ಹಣದಿಂದ ಉಳಿದ ಮನುಷ್ಯ ಹೀಗೆ ಹೇಳುವಾಗ ಸಭೆಯಲ್ಲಿ ಯಾರಿಗೂ ನಗು ಬರುತ್ತಿರಲಿಲ್ಲ.

ಎದುರು ಪಕ್ಷದವರೇನು ಸಾಚಾ ಎಂದುಕೊಳ್ಳಬೇಡಿ. ಹಿಂದಿನ ವರ್ಷ ಅವರೂ ಕೊಪ್ಪಕ್ಕೆ ಬಂದಿದ್ದರು. "ಮನುಷ್ಯಕುಲದ ಮೊದಲ ಹಂತ ಇಲ್ಲಿ ಹಾಗೇ ಉಳಿದಿದೆ, ಇವರನ್ನು ಮುಂದಿನ ಹಂತಕ್ಕೆ ಎತ್ತುವುದೇ ನಮ್ಮ ಹೋರಾಟ" ಎಂದು ಭಾಷಣ ಮಾಡಿ, ಹಮ್ಮನ ಮನೆಯ ಟಿವಿಗೆ ಕಂಬಳಿ ಹೊದಿಸಿ ಫೋಟೋ ಹೊಡೆದುಕೊಂಡು ಹೋದರು. ಒಬ್ಬರಿಗೆ ತುಳಿಯುವುದಕ್ಕೆ ಕೆಳಗೊಬ್ಬರು ಬೇಕು, ಇನ್ನೊಬ್ಬರಿಗೆ ಎತ್ತುವುದಕ್ಕೆ. ಕೆಳಗೆ ಕೂರಬೇಕಾದವಳು ಮಾತ್ರ ಹಮ್ಮನೇ.

ಈ ಸಲ ಚುನಾವಣೆ ಹತ್ತಿರ ಬಂದಾಗ ಹೆಗಡೆಯವರು ಮೆರವಣಿಗೆ ಹಮ್ಮಿಕೊಂಡರು. ರೂಪಾಳನ್ನು ಕೋಣೆಗೆ ಕರೆದರು.

"ಲಾರಿ ಮೇಲೆ ವಿಕಾಸದ ಮೆಟ್ಟಿಲು ಕಟ್ಟಿಸ್ತಾ ಇದ್ದೆ. ಕೆಳಗೆ ಮಂಗ, ಅದರ ಮೇಲೆ ಆದಿಮಾನವ, ಆಮೇಲೆ ರೈತ, ಸೈನಿಕ, ವಿಜ್ಞಾನಿ, ತುದೀಲಿ ನಮ್ಮ ಕಾರ್ಯಕರ್ತ. ನಿನ್ನ ತಾಯಿ ಮಣಿಸರ ಹಾಕ್ತಳಲ್ಲ, ಅವಳನ್ನ ಎರಡನೇ ಮೆಟ್ಟಿಲಿಗೆ ಕೂರ್ಸುವ. ವಿಜ್ಞಾನಿ ನೀನೇ."

"ಸರ್, ಅದು ಮೆಟ್ಟಿಲಲ್ಲ. ನನ್ನ ತಾಯಿ, ನೀವು, ನಾನು ಎಲ್ಲ ಒಂದೇ ಕಾಲದ ಮನುಷ್ಯರು. ವಿಕಾಸ ಅಂದ್ರೆ..."

"ಪಾಠ ಬೇರೆ, ಪೇಟೆ ಬೇರೆ ರೂಪಾ. ಸೋಮವಾರ ಕಮಿಟಿ ಸಭೆ ಇದ್ದು. ನಿನ್ನ ಹುದ್ದೆ ಕಾಯಂ ಮಾಡೂದೋ, ಬೇರೆಯವರನ್ನ ತಗೊಳ್ಳೂದೋ, ಅಲ್ಲೇ ತೀರ್ಮಾನ."

ರೂಪಾ ಬಾಯಿ ಮುಚ್ಚಿದಳು. ಅವಳಿಗೆ ಗೊತ್ತಿಲ್ಲದೆ ಆದ ತಪ್ಪಲ್ಲ ಇದು. ಸರಿಯಾದದ್ದು ಯಾವುದೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಅಕ್ಷರ ಚಂದ ಎಂದು ಮೆಟ್ಟಿಲುಗಳ ಫಲಕಗಳನ್ನೂ ಅವಳ ಕೈಯಲ್ಲೇ ಬರೆಸಿದರು. "ಆದಿಮಾನವ, ಐವತ್ತು ಸಾವಿರ ವರ್ಷಗಳ ಹಿಂದೆ" ಎಂದು ಅವಳು ದುಂಡಗೆ ಬರೆದಳು.

ಮನೆಗೆ ಬಂದು ತಾಯಿಗೆ ಸುಳ್ಳು ಹೇಳಿದಳು. "ಅವ್ವಿ, ಕಾಲೇಜಿನವ್ರು ನಿಂಗೆ ಸನ್ಮಾನ ಮಾಡ್ತ್ರಂತೆ. ನೀ ಪದ ಹೇಳ್ತೆ ಅಲ್ಲ, ಅದ್ಕೆ."

ಹಮ್ಮನ ಮುಖ ಅರಳಿತು. ಮರುಕ್ಷಣವೇ ಚಿಂತೆಯೂ ಬಂತು. "ಮಂಜೀನೂ ಕರೀಬೇಕಲ್ಲ ಹಂಗಾರೆ?"

ಪಕ್ಕದ ಮನೆಯ ಮಂಜಿ ಹಮ್ಮನ ಜೊತೆ ಹಾಡುವವಳು. ಆ ಕೊಪ್ಪದಲ್ಲಿ ಯಾರೂ ಒಂಟಿಯಾಗಿ ಪದ ಹೇಳುವುದಿಲ್ಲ. ಒಬ್ಬಳು ಸೊಲ್ಲು ಎತ್ತಬೇಕು, ಇನ್ನೊಬ್ಬಳು ಅದನ್ನು ಹಿಡಿದು ಮುಂದಿನ ಸಾಲು ಕೊಡಬೇಕು. ಹಿಡಿಯುವವರು ಬಾಯಿ ಬಿಡುವ ತನಕ ಎತ್ತಿದವಳು ಅದೇ ಸಾಲನ್ನು ಮತ್ತೆ ಹೇಳಬೇಕೇ ಹೊರತು ತಾನೇ ಮುಂದಕ್ಕೆ ಹೋಗುವಂತಿಲ್ಲ. ಹೋದರೆ ಜೊತೆಯವಳನ್ನು ಸತ್ತವಳೆಂದು ಎಣಿಸಿದ ಹಾಗೆ.

"ಲಾರಿ ಮೇಲೆ ಕೂರ್ಸೂದು ಅವ್ವಿ, ಮೆಟ್ಟಿಲು ಇಕ್ಕಟ್ಟು, ಒಬ್ರಿಗೇ ಜಾಗ."

"ಸೊಲ್ಲು ಹಿಡಿಯೂದು ಯಾರು?"

"ನಾ ಇರ್ತೆ ಅಲ್ಲ" ಎಂದಳು ರೂಪಾ.

ಹಮ್ಮ ಮಣಿಸರಗಳನ್ನೆಲ್ಲ ತೊಳೆದು ಒಣಗಿಸಿದಳು. ಊರಿಡೀ ಸನ್ಮಾನದ ಸುದ್ದಿ ಹೇಳಿ ಬಂದಳು. ಮರುದಿನ ಲಾರಿ ಹತ್ತಿದಾಗ ಕೆಳಗಿನ ಮೆಟ್ಟಿಲಲ್ಲಿ ಮಂಗನ ಮುಖವಾಡ ಹಾಕಿದವನ ಕಾಲು ನೋಡಿ, ಕಾಲೇಜಿನ ಜವಾನ ಸಣ್ಣನೆಂದು ಗುರುತು ಹಿಡಿದಳು.

"ಸಣ್ಣಾ, ನಿಂಗೂ ಸನ್ಮಾನವನಾ?"

"ಹೌದು ಹಮ್ಮಕ್ಕ" ಎಂದಿತು ಮುಖವಾಡ. ಅವನಿಗೂ ಹೊಟ್ಟೆಪಾಡು.

ಫಲಕ ಓದಲು ಹಮ್ಮನಿಗೆ ಬರುತ್ತಿರಲಿಲ್ಲ. ಅಕ್ಷರ ಮಗಳದ್ದೆಂದು ಸಣ್ಣನಿಂದ ತಿಳಿದು, ಅದನ್ನೊಮ್ಮೆ ಸೆರಗಿನಿಂದ ಒರೆಸಿದಳು. ಮೇಲೆ ಬಿಳಿ ಕೋಟು ತೊಟ್ಟ ರೂಪಾ ಸೂಕ್ಷ್ಮದರ್ಶಕದಲ್ಲಿ ಕಣ್ಣು ನೆಟ್ಟು ನಿಂತಿದ್ದಳು. "ನೀ ವಿಜ್ಞಾನಿ, ಬಾಯಿ ಬಿಡೂಕಾಗ" ಎಂದು ಹೆಗಡೆಯವರ ಅಪ್ಪಣೆಯಾಗಿತ್ತು.

ಲಾರಿ ಹೊರಟಿತು. ಪೇಟೆಯ ನಡುವೆ ನಿಂತಾಗ ಹೆಗಡೆಯವರು ಹಾಡು ಎಂದು ಸನ್ನೆ ಮಾಡಿ ಹಮ್ಮನ ಮುಂದೆ ಮೈಕು ಹಿಡಿದರು. ರೂಪಾ ಸಣ್ಣವಳಿದ್ದಾಗ ಭತ್ತ ನೆಡುವ ನೆಟ್ಟಿಯ ಗದ್ದೆಯಲ್ಲಿ ತಾಯಿಯ ಜೊತೆ ಹೇಳುತ್ತಿದ್ದ ಪದವನ್ನೇ ಹಮ್ಮ ಎತ್ತಿದಳು.

"ಬದುವಿನ ಮ್ಯಾಲೆ ನಿಂತಾಳೆ ಕೂಸು, ಯಾರ ಬಳ್ಳಿಯ ಕುಡಿಯೇ..."

"ನಿನ್ನ ಬಳ್ಳಿಯ ಕುಡಿಯೇ ತಾಯಿ" ಎಂಬ ಸಾಲನ್ನು ಮಗಳು ಕೊಡಬೇಕು. ರೂಪಾಳ ಗಂಟಲಲ್ಲಿ ಅದು ಸಿದ್ಧವಾಗಿಯೇ ಇತ್ತು. ಅವಳು ಗಾಜಿನ ತುಂಡೂ ಇಲ್ಲದ ಸೂಕ್ಷ್ಮದರ್ಶಕದೊಳಗೆ ಇನ್ನಷ್ಟು ಬಗ್ಗಿ ನೋಡಿದಳು.

ಹಮ್ಮ ಕಾದಳು. ಮತ್ತೆ ಎತ್ತಿದಳು. ಕತ್ತು ತಿರುಗಿಸಿ ಮೇಲೆ ನೋಡಿ, ಮಗಳಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೂ ಗಟ್ಟಿಯಾಗಿ ಎತ್ತಿದಳು. ಅದೇ ಸಾಲು, ಮತ್ತೆ ಅದೇ ಸಾಲು. ಜನರಲ್ಲಿ ಸಣ್ಣಗೆ ನಗು ಎದ್ದಿತು. ಹೆಗಡೆಯವರು ಮೈಕನ್ನು ತಮ್ಮ ಬಾಯಿಗೆ ತಂದುಕೊಂಡರು.

"ನೋಡಿ ಬಂಧುಗಳೇ, ಆದಿಮಾನವರ ಬುದ್ಧಿ ಹೀಗೆ. ಒಂದೇ ಮಾತು, ಹತ್ತು ಸಲ. ಮುಂದಿನ ಮಾತು ಹುಟ್ಟೂದೇ ಇಲ್ಲ. ಅದೇ ಕುಲದ ಮಗಳು ಮೇಲೆ ನಿಂತಿದ್ದಾಳೆ ನೋಡಿ, ವಿಕಾಸ ಅಂದ್ರೆ ಅದು!"

ಚಪ್ಪಾಳೆ ಬಿತ್ತು. ಹಮ್ಮನಿಗೆ ಓದು ಬಾರದಿದ್ದರೂ ಕನ್ನಡ ಬರುತ್ತಿತ್ತಲ್ಲ. ಅವಳು ಎದೆಯ ಮೇಲಿನ ಮಣಿಗಳನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. ಜನ ಅದಕ್ಕೂ ನಕ್ಕರು. ಎಷ್ಟು ಅಗ್ಗದ ನಗು ನಮ್ಮದು!

ಮೈದಾನದಲ್ಲಿ ಇಳಿದ ಮೇಲೆ ತಾಯಿಯೇ ಮೊದಲು ಮಾತಾಡಿದಳು. "ಮೈಕಿನ ಗಲಾಟೇಲಿ ನಿಂಗೆ ಕೇಳ್ಲಿಲ್ಲ ಅಲ್ಲ ಮಗಾ?"

"ಹೌದು ಅವ್ವಿ, ಕೇಳ್ಲಿಲ್ಲ."

"ಆತು ಬಿಡು" ಎಂದಳು ಹಮ್ಮ.

ಸೋಮವಾರ ಹುದ್ದೆ ಕಾಯಂ ಆಯಿತು. ರೂಪಾ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದಳು. ಹಮ್ಮ ಕೊಪ್ಪ ಬಿಟ್ಟು ಬರಲೊಪ್ಪಲಿಲ್ಲ. ರೂಪಾ ಎರಡನೇ ಸಲ ಕರೆಯಲೂ ಇಲ್ಲ. ಶನಿವಾರಕ್ಕೊಮ್ಮೆ ಹಮ್ಮ ಬುಟ್ಟಿಯಲ್ಲಿ ಹರಿವೆ ಸೊಪ್ಪು ತಂದು, ಮಗಳ ಹಿತ್ತಲ ಬಾಗಿಲಲ್ಲಿ ಕೊಟ್ಟು, ನೀರು ಕುಡಿದು ಹೋಗುವಳು.

ಮಳೆಗಾಲದಲ್ಲಿ ಜೀವವಿಕಾಸದ ಅಧ್ಯಾಯ ಬಂತು. ರೂಪಾ ಅದನ್ನು ಪುಸ್ತಕ ನೋಡಿ ಓದಿ ಮುಗಿಸಿದಳು. ಕೊನೆಗೆ ಅವಳ ಎದುರುಮನೆಯ ಹುಡುಗಿ ಸುಚಿತಾ ಎದ್ದು ನಿಂತಳು.

"ಮೇಡಂ, ಲಾರಿ ಮೇಲೆ ಕೆಳಗೆ ಕೂತಿದ್ರಲ್ಲ, ಆ ಅಜ್ಜಿ ಶನಿವಾರ ನಿಮ್ಮನೆಗೆ ಬತ್ರು ಅಲ್ವಾ? ನಿಮಗೆ ಎಂತಾಗ್ಬೇಕು ಅವರು?"

ಕೆಲಸ ಕಾಯಂ ಆಗಿತ್ತು, ಈಗ ಹೆದರುವ ಕಾರಣ ಯಾವುದೂ ಇರಲಿಲ್ಲ.

"ಎಂತದೂ ಆಗ್ಬೇಕಿಲ್ಲ. ಸೊಪ್ಪು ಮಾರೂಕೆ ಬರ್ತಾಳೆ" ಎಂದಳು ರೂಪಾ.

ಆ ಶನಿವಾರ ಹಮ್ಮ ಬುಟ್ಟಿ ಇಳಿಸುವಾಗ ಸುಚಿತಾ ರಸ್ತೆ ದಾಟಿ ಹಿತ್ತಲಿಗೆ ಓಡಿ ಬಂದಳು. "ಅಜ್ಜಿ, ಮೇಡಂ ಹೇಳಿದ್ರು ನೀವು ಸೊಪ್ಪು ಮಾರ್ತ್ರಿ ಅಂತ. ಅವ್ರಿಗೆ ಕೊಡೂ ರೇಟಿಗೇ ನಮಗೂ ಕೊಡಿ. ಒಂದು ಕಟ್ಟಿಗೆ ಎಷ್ಟು?"

ಹಮ್ಮ ಮಗಳ ಮುಖ ನೋಡಿದಳು. ರೂಪಾ ಬಾಗಿಲಲ್ಲೇ ನಿಂತಿದ್ದಳು, ಬಾಯಿ ಬಿಡಲಿಲ್ಲ.

ಹಮ್ಮ ಹುಡುಗಿಯ ಕಡೆ ತಿರುಗಿ ಬೆಲೆ ಹೇಳಿದಳು.