ಗಂಟೆಗೆ ಬರೆದ ಪ್ರೋಗ್ರಾಮು

ನಮ್ಮ ಶಾಲೆಯ ಗಂಟೆ ಎಂದರೆ ಮೊಳದುದ್ದದ ರೈಲು ಹಳಿಯ ತುಂಡು. ಖಾನಾಪುರದ ಆ ಹೈಸ್ಕೂಲಿನ ಪಡಸಾಲೆಯಲ್ಲಿ ತಂತಿಗೆ ನೇತುಬಿದ್ದಿದ್ದ ಅದನ್ನು ಜವಾನ ಯಲ್ಲಪ್ಪ ಕಬ್ಬಿಣದ ಸಲಾಕೆಯಿಂದ ಬಾರಿಸಿದರೆ ಪೇಟೆಯ ತನಕ ಕೇಳುತ್ತಿತ್ತು. ಕೇಳುವುದೇನೋ ಕೇಳುತ್ತಿತ್ತು, ಹೊತ್ತಿಗೆ ಸರಿಯಾಗಿ ಕೇಳುತ್ತಿರಲಿಲ್ಲ, ಅಷ್ಟೇ. ಹತ್ತೂವರೆಯ ಗಂಟೆ ಒಂದು ದಿನ ಹತ್ತೂವರೆಗೇ ಆದರೆ ಮರುದಿನ ಹತ್ತು ನಲವತ್ತಕ್ಕೆ, ಅದರಾಚೆ ದಿನ ಇನ್ನೂ ತಡವಾಗಿ. ನಾನು ಗಣಿತದ ಶಿಕ್ಷಕಿ, ಬೆಳಗಾವಿಯ ಕೋಟೆಯ ಬಳಿಯ ಮನೆಯಿಂದ ದಿನಾ ಬಸ್ಸು ಹಿಡಿದು ಎಲ್ಲರಿಗಿಂತ ಮೊದಲೇ ಬಂದು ಕೂರುವವಳು. ಇದು ಯಲ್ಲಪ್ಪನ ಸೋಮಾರಿತನವೇ ಸರಿ ಎಂದು, ಯಾರೂ ಕೇಳದಿದ್ದರೂ, ತೀರ್ಪು ಕೊಟ್ಟುಕೊಂಡಿದ್ದೆ.

ಎಂಬತ್ತರ ದಶಕದ ನಡುವೆ ಸರ್ಕಾರದ ಯಾವುದೋ ಯೋಜನೆಯ ಪುಣ್ಯದಿಂದ ಶಾಲೆಗೊಂದು ಕಂಪ್ಯೂಟರು ಬಂತು. ಅದನ್ನು ಕಲಿತು ಬರಲು ಬೇಸಿಗೆಯ ರಜೆಯಲ್ಲಿ ಬೆಳಗಾವಿಯ ಕಾಲೇಜೊಂದರ ತರಬೇತಿಗೆ ನನ್ನನ್ನು ಹಚ್ಚಿದರು. "ನಲವತ್ತ ದಾಟಿದ ಮ್ಯಾಲ ಮತ್ತ ಪಾಟಿ ಹಿಡದಿ ನೋಡ" ಎಂದು ಅವ್ವ ನಕ್ಕಳು. ಇಷ್ಟು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದ ಕೈಗೆ ಈಗ ತಪ್ಪು ಮಾಡುವ ಪಾಳಿ. ಒಂದು ಅಲ್ಪವಿರಾಮ ಬಿಟ್ಟರೂ ಯಂತ್ರ ತಪ್ಪೆಂದು ಸಾರುವಾಗ ನನ್ನ ಕಿವಿ ಬಿಸಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಕಲಿಸುತ್ತಿದ್ದ ಮೇಷ್ಟ್ರು ನನ್ನ ಮೋರೆ ನೋಡಿಯೇ ಇರಬೇಕು, "ಪುಸ್ತಕದಾಗಿನ ಲೆಕ್ಕ ಬಿಡ್ರಿ ಅಕ್ಕೋರ. ನಿಮಗ ಖರೇ ಬೇಕಾದ ಒಂದ ಕೆಲಸ ಅದರ ಕಡಿಂದ ಮಾಡಸ್ರಿ, ತಾನ ತಿಳೀತೈತಿ" ಎಂದರು. ನನಗೆ ಬೇಕಾದ ಕೆಲಸ ಯಾವುದೆಂದು ಯೋಚಿಸಬೇಕಾಗಿಯೇ ಇರಲಿಲ್ಲ.

ಜೂನಿನಲ್ಲಿ ಶಾಲೆ ಶುರುವಾಗುವಷ್ಟರಲ್ಲಿ ನನ್ನ ಪ್ರೋಗ್ರಾಮು, ಆಗೆಲ್ಲ ಪ್ರೋಗ್ರಾಮು ಉಳಿಸಿಡುತ್ತಿದ್ದ ಟೇಪಿನ ಕ್ಯಾಸೆಟ್ಟಿನಲ್ಲಿ ಕೂತಿತ್ತು. ಊರಿನ ರೇಡಿಯೋ ರಿಪೇರಿಯವನು ಯಂತ್ರದ ಬೆನ್ನಿನಿಂದ ಕರೆಂಟಿನ ಗಂಟೆಗೆ ತಂತಿ ಎಳೆದುಕೊಟ್ಟ. ಹತ್ತೂವರೆಗೆ, ಒಂದು ಸೆಕೆಂಡು ಅತ್ತಿತ್ತಾಗದೆ ಗಂಟೆ ಹೊಡೆಯಿತು. ನಾನು ಶಾಲೆಯವರಿಗೆಲ್ಲ ಬೆಳಗಾವಿಯ ಸಿಹಿ ಕುಂದಾ ಹಂಚಿದೆ. ಹೆಡ್‌ಮಾಸ್ತರರು ಹುರುಪಾಗಿ, ಇನ್ನು ಗಂಟೆಯಾದ ಕೂಡಲೇ ಗೇಟು ಹಾಕತಕ್ಕದ್ದು, ತಡವಾಗಿ ಬಂದವರನ್ನು ಮನೆಗೆ ಕಳಿಸತಕ್ಕದ್ದು ಎಂದು ಹುಕುಂ ಹೊರಡಿಸಿದರು. ಯಲ್ಲಪ್ಪ ತನ್ನ ಪಾಲಿನ ಕುಂದಾ ತಿಂದು ಕೈ ತೊಳೆದುಕೊಂಡ.

ಮೂರನೆಯ ವಾರ ಹತ್ತನೇ ಇಯತ್ತೆಯ ಶೇವಂತಾ ಬರುವುದನ್ನು ನಿಲ್ಲಿಸಿದಳು. ಗುಂಜಿಯ ಕಾಡಂಚಿನಿಂದ ದಿನಾ ರೈಲುಗಾಡಿಗೆ ಬರುತ್ತಿದ್ದ, ಎಮ್ಮೆ ಸಾಕುವ ಗೌಳಿಗರ ಹುಡುಗಿ, ಅವರ ಮನೆತನದಲ್ಲಿ ಹತ್ತನೆಯ ತನಕ ಬಂದ ಮೊದಲಿಗಳು. ಅವಳ ಹೆಸರು ತೆಗೆಸಲು ಬಂದ ಅಪ್ಪ ಪಡಸಾಲೆಯಲ್ಲೇ ನಿಂತು, ಮರಾಠಿ ಬೆರೆತ ಕನ್ನಡದಲ್ಲಿ ನನಗೆ ಹೇಳಿದ, "ಗಾಡಿ ತಡಾ ಆದ್ರ ಪೋರಿ ಏನ ಮಾಡಬೇಕ್ರಿ? ನಾಕ ದಿನಾ ಹೊಳ್ಳಿ ಕಳಿಸೀರಿ. ಮುಂದಿನ ಗಾಡಿ ಸಂಜೀಕ. ಅಲ್ಲೀ ಮಟ ಒಬ್ಬಾಕಿನ ಠೇಸನದಾಗ ಕುಂದರತಾಳು. ಸಾಕ್ರಿ, ಎಮ್ಮಿ ಕಾಯ್ಲಿ." ವಾರದ ಗಡುವು ಕೇಳಿಕೊಂಡು ಅವನನ್ನು ಕಳಿಸಿದೆ.

ಗುಂಜಿಯ ಮಕ್ಕಳು ಹೋದ ವರ್ಷವೂ ಇದೇ ಗಾಡಿಗೆ ಬರುತ್ತಿದ್ದರಲ್ಲ, ಆಗ ತಡವಾಗುತ್ತಿರಲಿಲ್ಲವೇ ಎಂದು ಯಲ್ಲಪ್ಪನನ್ನು ಕೇಳಿದೆ.

"ಆಗ್ತಿತ್ರಿ. ಅವ್ರು ಗೇಟಿನ್ಯಾಗ ಬಂದ ಮ್ಯಾಲ ನಾ ಗಂಟಿ ಹೊಡಿತಿದ್ನಿ. ಇಪ್ಪತ್ತ ಮಿನಿಟ ಆದ್ರೂ ಬರಲಿಲ್ಲಂದ್ರ ಗಾಡಿ ಕೆಟ್ಟೈತಂತ ತಿಳದ ಹೊಡದ ಬಿಡ್ತಿದ್ನಿ."

"ನನಗ್ಯಾಕ ಹೇಳಲಿಲ್ಲೋ ಮಾರಾಯಾ?"

"ನೀವ ಕೇಳಲಿಲ್ರಿ ಅಕ್ಕೋರ."

ಓದುಗ ಮಿತ್ರರೇ, ನಾನು ನಾಚಿದೆ. 'ಹೀಗಾದರೆ ಹೀಗೆ ಮಾಡು, ಆಗದಿದ್ದರೆ ಇಷ್ಟು ಹೊತ್ತು ಕಾದು ಹಾಗೆ ಮಾಡು' ಎಂಬ ನಿಬಂಧನೆಯನ್ನು ಬರೆಯಲು ನಾನು ಬೇಸಿಗೆಯಿಡೀ ಬೆವರು ಸುರಿಸಿದ್ದೆ. ಅಂಥದೊಂದು ನಿಬಂಧನೆಯನ್ನು, ಒಂದು ಎಳೆಯೂ ಹರಿಯದಂತೆ, ಈ ಮನುಷ್ಯ ಎಷ್ಟೋ ವರ್ಷಗಳಿಂದ ತಲೆಯಲ್ಲಿ ಹೊತ್ತು ನಡೆಸಿಕೊಂಡು ಬಂದಿದ್ದ. ನಾನು ಅದಕ್ಕೆ ಸೋಮಾರಿತನ ಎಂದು ಹೆಸರಿಟ್ಟಿದ್ದೆ. ಯಂತ್ರಕ್ಕೆ ಕೆಲಸ ಒಪ್ಪಿಸುವ ಮುನ್ನ ಆ ಕೆಲಸ ಮಾಡುತ್ತಿದ್ದವನ ಪಕ್ಕ ಒಂದು ದಿನವಾದರೂ ಕೂರಬೇಕು ಎಂಬುದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ, ಇದ್ದರೂ ಆ ಪುಟವನ್ನು ನಾನು ಹಾರಿಸಿಬಿಟ್ಟಿರಬೇಕು.

ತಪ್ಪು ನನ್ನದೆಂದು ಹೆಡ್‌ಮಾಸ್ತರರ ಮುಂದೆ ಒಪ್ಪಿಕೊಂಡೆ. ಅವರು ಕನ್ನಡಕ ಒರೆಸುತ್ತ, "ಕಾಯೂದಕ್ಕೂ ಒಂದ ಮಿತಿ ಇರಲಿ" ಎಂದರು. ಯಲ್ಲಪ್ಪನನ್ನು ಯಂತ್ರದ ಮುಂದೆ ಕೂರಿಸಿಕೊಂಡು ಹೊಸದಾಗಿ ಬರೆದೆ. ಹತ್ತೂವರೆಯ ನಂತರ ಅವನು ಕೀಲಿಮಣೆಯ ಉದ್ದನೆಯ ಕೀಲಿ ಒತ್ತಿದರೆ ಗಂಟೆಯಾಗಬೇಕು, ಒತ್ತದಿದ್ದರೆ ಇಪ್ಪತ್ತು ನಿಮಿಷ ಕಾದು ತಾನೇ ಹೊಡೆಯಬೇಕು. ಭಾನುವಾರ ಗುಂಜಿಗೆ ಹೋಗಿ ಶೇವಂತಾಳ ಅಪ್ಪನಿಗೆ ಮಾತು ಕೊಟ್ಟೆ. ಅವನು, "ನಾಳಿ ಒಂದ ದಿನಾ ನೋಡೂಣು" ಎಂದ.

ಮರುದಿನ ಗಾಡಿ ತಡವಾಗಬೇಕೇ! ಹತ್ತೂವರೆಯಾಯಿತು, ನಲವತ್ತಾಯಿತು. ಪರದೆಯ ಮೇಲೆ ನಿಮಿಷಗಳು ಏರುತ್ತಿದ್ದವು, ಬಾಗಿಲಲ್ಲಿ ಹೆಡ್‌ಮಾಸ್ತರರು ಕೈಗಡಿಯಾರ ನೋಡುತ್ತಿದ್ದರು. ಹತ್ತು ನಲವತ್ತಾರಕ್ಕೆ ಗುಂಜಿಯ ಮಕ್ಕಳು ಏದುಸಿರು ಬಿಡುತ್ತ ಒಳಗೆ ಬಂದರು. ಕಿಟಕಿಯಿಂದ ಎಣಿಸಿದೆ, ಆರು ಜನ. ಶೇವಂತಾ ಇರಲಿಲ್ಲ. ಯಲ್ಲಪ್ಪ ಬೆರಳನ್ನು ಕೀಲಿಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ.

"ಬಂದ್ರಲ್ಲೋ, ಒತ್ತು" ಎಂದರು ಹೆಡ್‌ಮಾಸ್ತರರು.

"ಇನ್ನೂ ಒಬ್ಬಾಕಿ ಅದಾಳ್ರಿ ಸರ" ಎಂದ ಅವನು, ತಲೆ ಎತ್ತದೆ.

ನಲವತ್ತೇಳು. ನಲವತ್ತೆಂಟು. ಬರುವುದಿಲ್ಲವೆಂದು ನನಗೆ ಖಾತ್ರಿಯಾಯಿತು. ನಲವತ್ತೊಂಬತ್ತಕ್ಕೆ ರಸ್ತೆಯ ತಿರುವಿನಲ್ಲಿ, ಪಾಟಿಚೀಲ ಎದೆಗೆ ಅವುಚಿಕೊಂಡ ಶೇವಂತಾ ಓಡಿ ಬರುವುದು ಕಂಡಿತು. ಅವಳ ಹಿಂದೆ, ರುಮಾಲು ಸುತ್ತಿದ ಅಪ್ಪ. ಅವನು ಗೇಟಿನ ಹೊರಗೇ ನಿಂತ, ಮಗಳು ಒಳಗೆ ಕಾಲಿಟ್ಟಳು, ಯಲ್ಲಪ್ಪ ಕೀಲಿ ಒತ್ತಿದ.