ಹೆಸರಿಲ್ಲದ ಮಗುವಿಗೆ ಹಚ್ಚಿದ ಮೇಣದಬತ್ತಿ

ದೆವ್ವ, ಶಕುನ, ಕನಸಿನಲ್ಲಿ ಬಂದು ಮಾತಾಡುವ ದೇವರು, ಇವು ಯಾವುದನ್ನೂ ನಾನು ನಂಬಿದವನಲ್ಲ. ಇಂಥ ಕಥೆ ಹೇಳುವವರು ಸಿಕ್ಕರೆ ಗೇಲಿ ಮಾಡದೆ ಬಿಡುತ್ತಿರಲಿಲ್ಲ. ನಾನು ಸೇತುವೆಗಳ ಇಂಜಿನಿಯರ್. ಭಾರ ಎಲ್ಲಿಂದ ಬಂತು, ಎಲ್ಲಿಗೆ ಇಳಿಯಿತು ಎಂದು ತೋರಿಸಲಾಗದ ಮಾತು ನನಗೆ ಮಾತೇ ಅಲ್ಲ. ಈಗ ನಾನೇ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ಬೇಸರವಿಲ್ಲ, ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಎಂಬತ್ತರ ದಶಕದ ಕೊನೆ. ನಾನೂ ನನ್ನ ಹೆಂಡತಿ ಪದ್ಮಾಳೂ ಮೈಸೂರಿನಿಂದ ಮೆಲ್ಬರ್ನಿಗೆ ಬಂದು ಕ್ಲೇಟನ್ನಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ನಮ್ಮ ಮಗಳು ಹುಟ್ಟಿದ್ದು ಅಲ್ಲೇ. ಹೃದಯದಲ್ಲಿ ತೊಂದರೆ ಇದೆ, ಆಪರೇಷನ್ ಮಾಡಿದರೆ ಸರಿಹೋಗಬಹುದು ಎಂದರು ಡಾಕ್ಟರು. ಆ ‘ಬಹುದು’ ಎಂಬುದನ್ನೇ ಗಟ್ಟಿಯಾಗಿ ಹಿಡಿದುಕೊಂಡು ನಾವು ನಾಮಕರಣದ ಮಾತು ಶುರುಮಾಡಿದೆವು.

ನಮ್ಮಲ್ಲಿ ಹುಟ್ಟಿದ ನಕ್ಷತ್ರ, ಪಾದ ನೋಡಿ ಹೆಸರಿನ ಮೊದಲ ಅಕ್ಷರ ಗೊತ್ತುಮಾಡುತ್ತಾರೆ. ಮಗು ಹುಟ್ಟಿದ್ದು ಮೆಲ್ಬರ್ನಿನ ಬೆಳಗಿನಲ್ಲಿ, ಆಗ ಮೈಸೂರಿನಲ್ಲಿ ಇನ್ನೂ ಕತ್ತಲು. ಕೈಲಿದ್ದದ್ದೋ ಮೈಸೂರಿನ ಪಂಚಾಂಗ. ಇಲ್ಲಿನ ಗಡಿಯಾರದ ಹೊತ್ತನ್ನೇ ಇಟ್ಟುಕೊಂಡು ನೋಡಬೇಕು ಎಂದು ನಮ್ಮ ಕನ್ನಡದವರಲ್ಲಿ ಒಬ್ಬ ಹಿರಿಯರು, ಇಲ್ಲ, ಊರಿನ ಹೊತ್ತಿಗೆ ಬದಲಾಯಿಸಿಕೊಂಡು ನೋಡಬೇಕು ಎಂದು ಇನ್ನೊಬ್ಬರು. ಇಬ್ಬರೂ ಪ್ರೊಫೆಸರುಗಳು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು. ಒಬ್ಬರಿಗೆ ಒಂದು ಅಕ್ಷರ ಬಂತು, ಇನ್ನೊಬ್ಬರಿಗೆ ಮತ್ತೊಂದು. ಕೊನೆಗೆ ಅಮ್ಮ ಫೋನಿನಲ್ಲಿ, “ಅವಸರ ಮಾಡ್ಬೇಡ ಕಣೋ, ಜೋಯಿಸರನ್ನ ಕೇಳಿ ಹೇಳ್ತೀನಿ” ಎಂದರು. ನಾವು ಅದಕ್ಕಾಗಿ ಕಾಯುತ್ತಿದ್ದಾಗಲೇ ಮಗು ಹೆಸರಿಲ್ಲದೆ ತೀರಿಕೊಂಡಿತು.

ಹಲ್ಲು ಬಾರದ ಮಗುವನ್ನು ಸುಡುವ ಪದ್ಧತಿ ನಮ್ಮಲ್ಲಿಲ್ಲ. ಹೂಳಿ ಬಂದೆವು. ಮುಂದೇನು ಮಾಡಬೇಕು ಎಂದು, ನಮ್ಮವರ ಮನೆಗಳಲ್ಲಿ ಪೂಜೆ ಮಾಡಿಸುತ್ತಿದ್ದವರನ್ನು ಕೇಳಿದೆ. “ಇಷ್ಟು ಚಿಕ್ಕ ಮಗುಗೆ ಸೂತಕ ಇಲ್ಲ, ತಿಥಿ ಇಲ್ಲಪ್ಪ. ಸ್ನಾನ ಮಾಡಿಬಿಟ್ರೆ ಮುಗೀತು” ಎಂದರು. ಅವರು ಶಾಸ್ತ್ರದಲ್ಲಿದ್ದದ್ದನ್ನು ಹೇಳಿದರು, ತಪ್ಪೇನಿಲ್ಲ. ಆದರೆ ಪದ್ಮಾ ಕೇಳಿಸಿಕೊಂಡಳು. ಆಮೇಲೆ ಎಷ್ಟೋ ದಿನ ಅವಳು ಸ್ನಾನವನ್ನೇ ಮಾಡಲಿಲ್ಲ. ಬೈದೆ, ಬೇಡಿಕೊಂಡೆ. “ಮಾಡಿದ್ರೆ ಮುಗಿದುಹೋಗತ್ತಲ್ಲ ರೀ” ಎಂದಳು.

ಜಾಗ ಬದಲಾದರೆ ಮನಸ್ಸೂ ಬದಲಾದೀತು ಎಂದು ಸಿಡ್ನಿಯಲ್ಲಿ ಕೆಲಸ ಹಿಡಿದು ಪ್ಯಾರಮಟ್ಟಾದ ಒಂದು ಫ್ಲ್ಯಾಟಿಗೆ ಬಂದೆವು. ಏನೂ ಬದಲಾಗಲಿಲ್ಲ. ಬೆಳಗ್ಗೆ ನಾನು ಟ್ರೈನಿಗೆ ಹೊರಡುವಾಗ ಎಲ್ಲಿ ಕೂತಿದ್ದಳೋ ಸಂಜೆ ಅಲ್ಲೇ ಕೂತಿರುತ್ತಿದ್ದಳು. ಮೈಮೇಲೆ ಮಾಂಸವಿಲ್ಲ, ಬಾಯಲ್ಲಿ ಮಾತಿಲ್ಲ. ಇವಳೂ ಉಳಿಯುವುದಿಲ್ಲ ಎಂದು ನಾನು ಒಳಗೊಳಗೇ ಹೆದರಿಹೋಗಿದ್ದೆ.

ಕೆಳಗಿನ ಫ್ಲ್ಯಾಟಿನಲ್ಲಿ ಗ್ರೇಸ್ ಆಂಟಿ ಇದ್ದರು. ಧಾರವಾಡದ ಕಡೆಯ ಕ್ರೈಸ್ತರು, ನರ್ಸ್ ಆಗಿದ್ದು ರಿಟೈರ್ ಆದವರು, ವಿಧವೆ. ಒಂದು ದಿನ ರೊಟ್ಟಿ ಹಿಡಿದುಕೊಂಡು ಬಂದರು. ವಿಷಯ ತಿಳಿದ ಮೇಲೆ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಪದ್ಮಾಳ ಪಕ್ಕದಲ್ಲಿ ಕೂತು, “ಹೆಂಗಿದ್ಳವಾ ನಿನ್ನ ಕೂಸು? ಕೂದಲಾ ಭಾಳ ಇದ್ವೇನು?” ಎಂದು ಕೇಳಿದರು. ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಪದ್ಮಾ ಹೇಳುತ್ತಾ ಹೋದಳು. ಆಂಟಿ ಆಮೇಲೆ ಕಣ್ಣು ಮುಚ್ಚಿ ಆ ಮಗುವಿಗಾಗಿ ಕನ್ನಡದಲ್ಲೇ ಪ್ರಾರ್ಥನೆ ಮಾಡಿದರು. ಆ ದಿನ ಪದ್ಮಾ ಒಂದು ರೊಟ್ಟಿ ತಿಂದಳು.

ಕ್ರಮೇಣ ಭಾನುವಾರಗಳಲ್ಲಿ ಅವರ ಜೊತೆ ಚರ್ಚಿಗೂ ಹೋಗತೊಡಗಿದಳು. ನನಗೆ ಮೈಯೆಲ್ಲ ಉರಿಯಿತು. ದುಃಖದಲ್ಲಿರುವವರಿಗೆ ಗಾಳ ಹಾಕುತ್ತಾರೆ ಎಂದೆ, ನಮ್ಮ ದೇವರುಗಳಿಗೇನು ಬರವೇ ಎಂದೆ. ಆದರೂ ಕಾರಿನಲ್ಲಿ ನಾನೇ ಕರೆದುಕೊಂಡು ಹೋಗುತ್ತಿದ್ದೆ, ಏಕೆಂದರೆ ಚರ್ಚಿನಿಂದ ಬಂದ ದಿನ ಅವಳು ಊಟ ಮಾಡುತ್ತಿದ್ದಳು. ಅವಳು ಒಳಗೆ, ನಾನು ಕಾರಿನಲ್ಲಿ ಪೇಪರು ಓದುತ್ತಾ ಹೊರಗೆ. ಸತ್ತ ಮಕ್ಕಳು ದೇವರ ಬಳಿ ಇರುತ್ತಾರೆ, ಅವನು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾನೆ ಎಂದು ಅಲ್ಲಿನ ಪಾಸ್ಟರ್ ಹೇಳಿದ್ದರಂತೆ. ಅದೇ ಅವಳ ಹೊಸ ಸಂಕಟವಾಯಿತು. “ನಮ್ಮ ಮಗೂನ ಏನಂತ ಕರೀತಾನೆ ರೀ?” ಎಂದಳು. ಈಗಲಾದರೂ ಒಂದು ಹೆಸರಿಟ್ಟುಬಿಡೋಣ ಎಂದೆ. “ಅದು ನಮ್ಮ ಸಮಾಧಾನಕ್ಕೆ ಇಟ್ಟಿದ್ದಾಗತ್ತೆ, ಅವಳದ್ದಾಗಲ್ಲ” ಎಂದು ಒಪ್ಪಲಿಲ್ಲ.

ನವೆಂಬರಿನಲ್ಲಿ ಆ ಚರ್ಚಿನವರು ತೀರಿಕೊಂಡವರನ್ನು ನೆನೆಯುತ್ತಾರೆ. ಒಬ್ಬೊಬ್ಬರಾಗಿ ಮುಂದೆ ಹೋಗಿ, ಮೇಣದಬತ್ತಿ ಹಚ್ಚಿ, ಸತ್ತವರ ಹೆಸರನ್ನು ಗಟ್ಟಿಯಾಗಿ ಹೇಳಬೇಕು. “ಇವತ್ತು ನೀವೂ ಒಳಗೆ ಬನ್ನಿ” ಎಂದಳು ಪದ್ಮಾ. ಬೇಡ ಎನ್ನಲಾಗಲಿಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರ ಒಳಗೆ ಬೀಳುತ್ತಿತ್ತು. ಅವಳು ಎದ್ದು ಮುಂದೆ ಹೋದಳು. ಅಷ್ಟು ಜನರೆದುರು ಹೇಳಲು ಹೆಸರಿಲ್ಲದೆ ನಿಂತರೆ ಅಲ್ಲೇ ಕುಸಿದುಬೀಳುತ್ತಾಳೆ, ಈ ಸಲ ಮತ್ತೆ ಏಳುವುದಿಲ್ಲ ಎನ್ನಿಸಿತು. ಅವಳು ಬತ್ತಿ ಹಚ್ಚಿದಳು. “ತುಂಗಾ” ಎಂದಳು, ಸ್ಪಷ್ಟವಾಗಿ. ಪಾಸ್ಟರ್ ತಮಗೆ ಬಂದಂತೆ “ಟುಂಗಾ” ಎಂದು ಮತ್ತೊಮ್ಮೆ ಹೇಳಿದರು.

ಇಲ್ಲಿ ನಿಮಗೆ ಒಂದು ವಿಷಯ ಹೇಳಬೇಕು. ಮಗು ಹೋದ ದಿನ ಪದ್ಮಾ ಬೇರೆ ಮಹಡಿಯ ವಾರ್ಡಿನಲ್ಲಿ ಜ್ವರದಿಂದ ಮಲಗಿದ್ದಳು. ನರ್ಸ್ ಕೊಳವೆಗಳನ್ನೆಲ್ಲ ತೆಗೆದು, ಬಟ್ಟೆಯಲ್ಲಿ ಸುತ್ತಿ, ಮಗುವನ್ನು ನನ್ನ ತೋಳಿಗೆ ಕೊಟ್ಟು, ಪರದೆ ಎಳೆದು ಹೋದರು. ತಂದೆ ಮಗುವಿನ ಕಿವಿಯಲ್ಲಿ ಹೆಸರು ಉಸುರಬೇಕಲ್ಲ, ಅದು ನೆನಪಾಯಿತು. ಬಾಗಿ “ತುಂಗಾ” ಎಂದೆ. ಆ ಹೆಸರು ಎಲ್ಲಿಂದ ಬಂತೋ ಗೊತ್ತಿಲ್ಲ. ನಾವು ಮಾತಾಡಿಕೊಂಡ ಹೆಸರುಗಳಲ್ಲಿ ಅದಿರಲಿಲ್ಲ, ಎರಡೂ ಕಡೆಯ ಮನೆಗಳಲ್ಲಿ ಆ ಹೆಸರಿನವರಿಲ್ಲ, ಪ್ರೊಫೆಸರುಗಳ ಎರಡು ಅಕ್ಷರಗಳಲ್ಲಿ ಒಂದೂ ಅಲ್ಲ. ತಾನಿಲ್ಲದಾಗ ಹೆಸರಿಟ್ಟೆ ಎಂದು ನೊಂದುಕೊಂಡಾಳೆಂದು ಪದ್ಮಾಳಿಗೆ ಹೇಳಿರಲಿಲ್ಲ. ಇನ್ನೊಂದು ನರಪಿಳ್ಳೆಗೂ ಹೇಳಿರಲಿಲ್ಲ.

ಕಾರಿಗೆ ಬಂದು ಕೂತ ಮೇಲೆ, ಆ ಹೆಸರು ಯಾರು ಹೇಳಿದರು ಎಂದು ಕೇಳಿದೆ.

“ಯಾರೂ ಹೇಳ್ಲಿಲ್ಲ. ದಿನಾ ಯೇಸುವನ್ನ ಕೇಳ್ತಿದ್ದೆ, ಅವಳನ್ನ ಏನಂತ ಕರೀತೀಯ ಹೇಳು ಅಂತ. ಬೆಳಗ್ಗೆ ಪಾತ್ರೆ ತೊಳೀತಿದ್ದಾಗ ಬಾಯಿಗೆ ಬಂತು” ಎಂದಳು.

ಆಸ್ಪತ್ರೆಯ ಪರದೆಯ ಹಿಂದೆ ನಡೆದದ್ದನ್ನು ಹೇಳಿಬಿಟ್ಟೆ. ಅವಳು ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದೆ. ಹೆಸರಿನ ವಿಚಿತ್ರ ಅವಳಿಗೆ ವಿಚಿತ್ರವೆನಿಸಲೇ ಇಲ್ಲ. ನನ್ನ ತೋಳು ಹಿಡಿದುಕೊಂಡು ಒಂದೇ ಕೇಳಿದಳು: “ನೀವು ಹೇಳಿದಾಗ ಅವಳಿಗೆ ಉಸಿರಿತ್ತಾ?”

“ಇತ್ತು” ಎಂದೆ.

ಅವಳು ಜೋರಾಗಿ ಅತ್ತಳು. ಮಗು ಹೋದ ಮೇಲೆ ಹಾಗೆ ಅತ್ತದ್ದು ಅದೇ ಮೊದಲು. ಮನೆಗೆ ಬಂದು ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದಳು. ಮುಂದಿನ ವರ್ಷ ದೀಕ್ಷಾಸ್ನಾನ ಪಡೆದಳು. ನಾನು ಪಡೆಯಲಿಲ್ಲ, ಆದರೆ ಕಾರಿನಲ್ಲಿ ಕೂರುವುದನ್ನು ಬಿಟ್ಟು ಹಿಂದಿನ ಸಾಲಿನಲ್ಲಿ ಕೂರುತ್ತೇನೆ.

ನಿದ್ದೆಯಲ್ಲಿ ಬಡಬಡಿಸಿದ್ದೆನೇ? ಪರದೆಯಾಚೆ ಯಾರಾದರೂ ಕೇಳಿಸಿಕೊಂಡಿದ್ದರೇ? ಕೇಳಿದ್ದರೂ ಕನ್ನಡ ತಿಳಿದವರು ಅಲ್ಲಿ ಯಾರಿದ್ದರು? ಎಲ್ಲ ಬಗೆಯಲ್ಲೂ ಯೋಚಿಸಿ ಸೋತಿದ್ದೇನೆ. ಆದರೆ ನಿದ್ದೆಗೆಡಿಸುವುದು ಈ ಪ್ರಶ್ನೆಗಳಲ್ಲ. ಉಸಿರಿತ್ತಾ ಎಂದು ಅವಳು ಕೇಳಿದಾಗ ‘ಇತ್ತು’ ಎಂದೆನಲ್ಲ, ನಾನು ಬಾಗಿ ಹೆಸರು ಹೇಳಿದಾಗ ಮಗುವಿನ ಕಿವಿ ಇನ್ನೂ ಬೆಚ್ಚಗಿತ್ತು, ಅಷ್ಟು ಮಾತ್ರ ನನಗೆ ಗೊತ್ತು.